ಅಡ್ಜಸ್ಟ್ ಎಂಬ ನನ್ನ ಬ್ರಹ್ಮಾಸ್ತ್ರ

ಇಂಗ್ಲಿಷಿನಲ್ಲಿ ಸಾವಿರಾರು ಕ್ರಿಯಾಪದಗಳಿವೆಯಂತೆ. ಇರಲಿ ಪಾಪ! ಚಳ್ಳಕೆರೆಯಲ್ಲಿ ಕಡಲೆಕಾಯಿ ಎಣ್ಣೆ ಅಂಗಡಿ ಇಟ್ಟಿರುವ ನನಗೆ ಒಂದೇ ಸಾಕಾಗಿದೆ: ಅಡ್ಜಸ್ಟ್. ಡಬ್ಬದ ಮುಚ್ಚಳ ಸರಿಯಿಲ್ಲವೆಂದು ಗಿರಾಕಿ ಜಗಳಕ್ಕೆ ಬರಲಿ, ಹೋಳಿಗೆ ಮುಗಿಯಿತೆಂದು ಬೀಗರು ಮುಖ ಊದಿಸಲಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ" ಎಂದರೆ ಮುಗಿಯಿತು. ಆ ಪದವನ್ನು ಹುಟ್ಟಿಸಿದವರು ಇಂಗ್ಲಿಷರೇ ಇರಬಹುದು, ಸಾಕಿ ಬೆಳೆಸಿದವರು ನಾವು. ಅದರಲ್ಲೂ ನಾನು!

ಹೀಗಿರುವಾಗ ಮಗಳು ಕಾವ್ಯಳ ಮದುವೆ ನಿಶ್ಚಯವಾಯಿತು. ಮುಹೂರ್ತದ ಸೀರೆಯನ್ನು ಮೊಳಕಾಲ್ಮುರಿನ ನೇಕಾರ ನಾರಾಯಣಪ್ಪನಿಗೆ ಹೇಳಿ ನೇಯಿಸಿದ್ದೆವು. ಬದನೆಕಾಯಿ ಬಣ್ಣ, ಗಿಳಿಹಸಿರು ಅಂಚು, ಎಲ್ಲಾ ಅವಳದೇ ಆಯ್ಕೆ. ಮದುವೆಗೆ ವಾರವಿದೆ ಎನ್ನುವಾಗ ಅದನ್ನು ತರಲು ನಾನೇ ಹೊರಟೆ.

"ರೀ, ಸೀರೆ ಇಸ್ಕಳ್ರಿ, ಬಸ್ ಹತ್ತಿ ಬರ್ರಿ. ನಿಮ್ಮ ಇಂಗ್ಲಿಷ್ ಮನೇಲೇ ಇರ್ಲಿ," ಎಂದಳು ಹೆಂಡತಿ ಗಿರಿಜಾ.

ಬಸ್ಸು ತುಂಬಿತ್ತು. ಮೂವರ ಸೀಟಿನಲ್ಲಿ ಅಡ್ಜಸ್ಟ್ ಮಾಡಿಸಿ ನಾಲ್ಕನೆಯವನಾಗಿ ಕೂತೆ. ಗೆದ್ದೆ! ಮುಂದಿನ ಊರಲ್ಲಿ ಹತ್ತಿದ ಕುರಿ ಕಾಯುವ ಅಜ್ಜ ನನ್ನ ಅಸ್ತ್ರವನ್ನು ನನ್ನ ಮೇಲೇ ಬಿಟ್ಟ.

"ಸ್ವಾಮೀ, ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ."

ಆ ಪದ ಕಿವಿಗೆ ಬಿದ್ದ ಮೇಲೆ ಇಲ್ಲ ಎನ್ನುವುದು ನನ್ನ ಧರ್ಮವಲ್ಲ. ಎದ್ದು ನಿಂತೆ. ಅಜ್ಜ ಕೂತು, ಕಂಬಳಿಯೊಳಗಿಂದ ಒಂದು ಕುರಿಮರಿ ತೆಗೆದು, "ಇದನ್ನೂ ಹಿಡ್ಕಳ್ರಿ" ಎಂದು ಕೈಗಿತ್ತ. ಮೊಳಕಾಲ್ಮುರು ಬರುವಷ್ಟರಲ್ಲಿ ಮರಿ ನನ್ನ ಬಿಳಿ ಅಂಗಿಗೆ ಅಭಿಷೇಕ ಮಾಡಿ ಮುಗಿಸಿತ್ತು.

ನಾರಾಯಣಪ್ಪನ ಮನೆಯಲ್ಲಿ ಸೀರೆ ಮಡಿಸಿಟ್ಟು ಸಿದ್ಧವಾಗಿತ್ತು. ಪಕ್ಕದಲ್ಲಿ ರಾಂಪುರದ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮಗಳ ಮದುವೆ ನಾಡಿದ್ದು. ಅದನ್ನು ನೇಯುತ್ತಿದ್ದ ಆಳಿಗೆ ಜ್ವರ ಬಂದು ಅವಳ ಸೀರೆ ಮಗ್ಗದ ಮೇಲೆ ಗೇಣುದ್ದಕ್ಕೇ ನಿಂತಿತ್ತು.

"ಅಣ್ಣಾ, ನಿಮ್ದಕ್ಕಿನ್ನೂ ದಿನ ಐತೆ. ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ಳಣ್ಣಾ..."

ನನ್ನ ಎದೆ ಉಬ್ಬಿತು. "ತಗಳಮ್ಮಾ! ನಿನ್ನ ಮಗಳು ಬೇರೆ, ನನ್ನ ಮಗಳು ಬೇರೆನಾ?" ಎಂದು ಸೀರೆಯನ್ನು ಎತ್ತಿ ಅವಳ ಕೈಗಿಟ್ಟೆ. ಅವಳು ಕಾಲಿಗೆ ಬಿದ್ದು, ನನ್ನ ಮನಸ್ಸು ಬದಲಾಗುವ ಮೊದಲೇ ಬಸ್ಸಿಗೆ ಓಡಿದಳು.

"ಅಯ್ಯೋ ದೇವುಡಾ! ಏನು ಮಾಡಿದ್ರಿ ಸಾವ್ಕಾರ್ರೇ?" ನಾರಾಯಣಪ್ಪ ತಲೆಯ ಮೇಲೆ ಕೈ ಹೊತ್ತ. "ವಾರದಾಗೆ ಇನ್ನೊಂದು ಆಗಲ್ರಿ. ಸೀರೆ ಮ್ಯಾಗಿನ ಹೂವೆಲ್ಲಾ ಕೈಯಾಗೇ ನೇಯಬೇಕು."

"ಸ್ವಲ್ಪ ಅಡ್ಜಸ್ಟ್ ಮಾಡಪ್ಪಾ."

"ನಾನು ಮಾಡ್ತೀನ್ರಿ. ಮಗ್ಗಕ್ಕೆ ಇಂಗ್ಲಿಷ್ ಬರಾಕಿಲ್ಲ."

ಖಾಲಿ ಚೀಲ, ಕುರಿ ವಾಸನೆಯ ಅಂಗಿ ಸಮೇತ ಮನೆ ಸೇರಿದೆ. ನಡೆದದ್ದನ್ನು ತಕ್ಕಮಟ್ಟಿನ ಗಾಂಭೀರ್ಯದಿಂದಲೇ ನಿವೇದಿಸಿಕೊಂಡೆ. ಕಾವ್ಯ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ಊಟದ ತಟ್ಟೆಯೂ ಆ ಬಾಗಿಲಿಗೇ ಹೋಯಿತು. ಬ್ರಹ್ಮಾಸ್ತ್ರ ಬಾಯಿಗೆ ಬಂತು. ನುಂಗಿಕೊಂಡೆ.

ಕೊನೆಗೆ ಗಿರಿಜಾ ತನ್ನ ಟ್ರಂಕಿನ ತಳದಿಂದ ತನ್ನ ಮದುವೆಯ ಮೊಳಕಾಲ್ಮುರು ಸೀರೆ ತೆಗೆದು ಮಗಳ ಹೆಗಲ ಮೇಲೆ ಹಾಕಿದಳು. ಕಾವ್ಯ ಕನ್ನಡಿ ನೋಡಿದಳು, ಅವ್ವನನ್ನು ನೋಡಿದಳು, ನಕ್ಕಳು. ಮುಹೂರ್ತಕ್ಕೆ ಅದನ್ನೇ ಉಟ್ಟಳು. ಮಂಟಪಕ್ಕೆ ಬಂದವರು ಸೀರೆಯನ್ನು ಹೊಗಳಿದ್ದೇ ಹೊಗಳಿದ್ದು.

"ನೋಡಿದ್ಯಾ? ಅಡ್ಜಸ್ಟ್ ಆಯ್ತಲ್ಲ!" ಎಂದೆ ಮೀಸೆ ತಿರುವಿ.

"ಮಾಡ್ಕಂಡಿದ್ದು ನಾನು, ನನ್ನ ಮಗಳು," ಎಂದಳು ಗಿರಿಜಾ. "ಇಷ್ಟು ವರ್ಷ ನೀವು ಬರೀ ಬಾಯಲ್ಲಿ ಅಂದಿದ್ದು."

ಅಷ್ಟರಲ್ಲಿ ಫೋಟೋದವನು ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಅಂಕಲ್, ಸ್ವಲ್ಪ ಅಡ್ಜಸ್ಟ್ ಮಾಡ್ಕಳ್ರಿ... ಇನ್ನೂ ಸ್ವಲ್ಪ... ಇನ್ನೊಂಚೂರು..." ಎಂದ. ನಾನು ಧರ್ಮ ಬಿಡಲಿಲ್ಲ.

ಆಲ್ಬಮ್ ಬಂದಿದೆ. ಆ ಫೋಟೋದಲ್ಲಿ ಎಲ್ಲರೂ ಚೆನ್ನಾಗಿ ಬಂದಿದ್ದಾರೆ. ಬಲತುದಿಯಲ್ಲಿ ಒಂದು ಮೊಣಕೈ ಇದೆ. ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ: ಅದು ನಂದು!