ಬನಾನಾ ಪ್ಲಗ್ ತಯಾರಕರಿಗೆ, ಸ್ಪೀಕರಿನ ಹಿಂದುಗಡೆಯಿಂದ

ಸ್ಪೀಕರ್ ತಂತಿಗಳ ತುದಿಗೆ ಚಿನ್ನದ ಬಣ್ಣದ ಪ್ಲಗ್ಗು ತೊಡಿಸಿ ಮನೆಮನೆಯ ನೆಮ್ಮದಿ ಕಾಯುತ್ತಿರುವ ಮಾನ್ಯರೇ,

ಸವಿನಯ ವಂದನೆಗಳು. ತಾವು ಈ ಹೊತ್ತಿನಲ್ಲಿ ಸಕುಟುಂಬರಾಗಿ ಸುಖನಿದ್ರೆಯಲ್ಲಿರುವಿರೆಂದು ನಂಬಿದ್ದೇನೆ. ನಾವಿಲ್ಲ. ಎರಡೂಮುಕ್ಕಾಲಿಗೆ ತಮ್ಮ ಪ್ಲಗ್ಗೊಂದು ನಮ್ಮ ಸ್ಪೀಕರಿನಿಂದ ಕಳಚಿ ನೆಲಕ್ಕೆ ಬಿದ್ದ 'ಟಣ್' ಸದ್ದಿಗೆ ನನಗೆ ಎಚ್ಚರವಾಯಿತು. ಅಷ್ಟು ಇಂಪಾದ 'ಟಣ್' ನಾನು ಕೇಳಿರಲಿಲ್ಲ. ಲೋಹದ ಗುಣಮಟ್ಟದ ಬಗ್ಗೆ ತಾವು ಡಬ್ಬಿಯ ಮೇಲೆ ಬರೆದದ್ದೆಲ್ಲ ನಿಜವೇ.

ನಮ್ಮ ಪುಟ್ಟ ಮಗಳು ವಾಷಿಂಗ್ ಮಷೀನು ಓಡುವ ಸದ್ದಿಲ್ಲದೆ ಮಲಗುವವಳಲ್ಲ. ರಾತ್ರಿಯಿಡೀ ಮಷೀನು ಓಡಿಸಿದರೆ ಕೆಳಮನೆಯವರು ಮಲಗುವವರಲ್ಲ. ಆದ್ದರಿಂದ ಅವಳಪ್ಪ ಆ ಸದ್ದನ್ನು ರೆಕಾರ್ಡ್ ಮಾಡಿ, ಕಾಲೇಜು ಕಾಲದ ದೊಡ್ಡ ಸ್ಪೀಕರಿನಲ್ಲಿ ಸಣ್ಣಗೆ ಹಾಕುತ್ತಾರೆ. ಫೋನಿನಲ್ಲಿ ಹಾಕಿದರೆ ಕೂಸು ಕಿರುಚುತ್ತದೆ; "ನನ್ನ ಮಗಳಿಗೆ ಗುಂಯ್ ಅನ್ನೋ ಬಾಸ್ ಬೇಕು ಕಣೇ" ಎಂದು ಇವರಿಗೆ ಹೆಮ್ಮೆ ಬೇರೆ.

ಮೊನ್ನೆಯವರೆಗೆ ತಂತಿಯ ಸಿಪ್ಪೆ ಸುಲಿದು, ಎಳೆಗಳನ್ನು ಹೊಸೆದು, ಸ್ಪೀಕರಿನ ಬೆನ್ನಿನ ಕೆಂಪು-ಕಪ್ಪು ಕ್ಲಿಪ್ಪುಗಳನ್ನು ಒತ್ತಿ ಒಳಗೆ ತೂರಿಸುತ್ತಿದ್ದೆವು. ಕೆಂಪಿನ ಎಳೆ ಕಪ್ಪಿಗೆ ತಾಗಿದರೆ ಆಂಪ್ಲಿಫೈಯರ್ ಸುಟ್ಟೀತೆಂಬ ಭಯ ನನ್ನದು. ಹೆರಿಗೆಯಾದಂದಿನಿಂದ ಭಯಪಡುವುದರಲ್ಲಿ ನಾನು ಪರಿಣತೆ. ಹಾಗಾಗಿ ಸ್ಪೇಡು, ಪಿನ್ನು, ಬನಾನಾ ಎಂಬ ಮೂರು ಬಗೆಯ ತುದಿಗಳನ್ನು, ಮಗುವಿಗೆ ಹೆಸರು ಹುಡುಕಿದ್ದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡು ನೋಡಿ, 'ಎಲ್ಲ ಸ್ಪೀಕರಿಗೂ ಹೊಂದುತ್ತದೆ' ಎಂಬ ತಮ್ಮ ಮಾತಿಗೆ ಮನಸೋತು ಬನಾನಾವನ್ನೇ ಆರಿಸಿದೆವು. ಇವರು ತಂತಿಯನ್ನು ಬೆರಳಗಲವೂ ಹೆಚ್ಚಿರದಂತೆ ಕತ್ತರಿಸಿ, ಎಲ್ಲ ತುದಿಗೂ ಪ್ಲಗ್ಗು ಬೆಸೆದು, "ಇನ್ನು ಜನ್ಮದಲ್ಲಿ ಬಿಚ್ಚಲ್ಲ ನೋಡು" ಎಂದರು. ಆಮೇಲೆ ಸ್ಪೀಕರಿನ ಬೆನ್ನು ನೋಡಿದರು. ಕ್ಲಿಪ್ಪಿನ ತೂತು ಕಡ್ಡಿಯಷ್ಟು; ತಮ್ಮ ಬನಾನಾ ಹೆಸರಿಗೆ ತಕ್ಕಂತೆ ದಷ್ಟಪುಷ್ಟ. "ಚಪ್ಪಲಿ ತಂದು ಆಮೇಲೆ ಕಾಲಳತೆ ನೋಡೋ ಮಗನ್ನ ಹೆತ್ತೆನಲ್ಲ!" ಎಂದು ಅತ್ತೆ ನಕ್ಕರು. ಟೇಪು ಸುತ್ತಿ ಅಂಟಿಸಿದ್ದೆವು. ಅದೇ ಈಗ ಎರಡೂ ಕಡೆ ಕೈಕೊಟ್ಟದ್ದು.

ಸದ್ಯ ನಾನು ಸ್ಪೀಕರಿಗೂ ಗೋಡೆಗೂ ನಡುವೆ ಕುಕ್ಕರಗಾಲಲ್ಲಿ ಕೂತು, ಬಲಗೈಯಲ್ಲಿ ಕೆಂಪು ಪ್ಲಗ್ಗನ್ನೂ ಎಡಗೈಯಲ್ಲಿ ಕಪ್ಪನ್ನೂ ಕ್ಲಿಪ್ಪಿನ ಬಾಯಿಗೆ ಒತ್ತಿ ಹಿಡಿದಿದ್ದೇನೆ. ಕೈ ಸಡಿಲಿಸಿದರೆ ಮಷೀನು ನಿಲ್ಲುತ್ತದೆ, ಮಷೀನು ನಿಂತರೆ ಮಗಳು ಶುರುವಾಗುತ್ತಾಳೆ. ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡಿರುವ ಇವರು ಉಸಿರಾಡಲೂ ಅವಳ ಅಪ್ಪಣೆ ಕಾಯುತ್ತಿದ್ದಾರೆ. ನಾನು ಪಿಸುಗುಟ್ಟಿದ್ದನ್ನು ಅತ್ತೆ ಫೋನಿನಲ್ಲಿ ಒತ್ತಿ, ತಮ್ಮ ಜಾಲತಾಣದಲ್ಲಿ ಗ್ರಾಹಕರ ಮೆಚ್ಚುಗೆಗೆಂದು ಬಿಟ್ಟಿರುವ ಜಾಗಕ್ಕೆ ಕಳಿಸುತ್ತಿದ್ದಾರೆ. ಹೆರಿಗೆ ರಜೆ ಮುಗಿದು, ಬೆಳಗ್ಗೆ ನಾನು ಮೊದಲ ದಿನದ ಕೆಲಸಕ್ಕೆ ಹಾಜರಾಗಬೇಕು.

ಆದ್ದರಿಂದ ತಾವು ದಯಮಾಡಿ ಈಗಿಂದೀಗಲೇ ಕಾರ್ಖಾನೆ ತೆರೆಸಿ, ಬಡಕಲು ಬನಾನಾ ಒಂದು ಜೊತೆ ಮಾಡಿಸಿ ಕಳಿಸಬೇಕು. ಅದು ಕಷ್ಟವಾದರೆ 'ಎಲ್ಲ ಸ್ಪೀಕರಿಗೂ' ಎಂದು ಬರೆದ ಮಹನೀಯರನ್ನೇ ಕಳಿಸಿಕೊಡಿ. ನನ್ನ ಎಡಕ್ಕೆ ಒಬ್ಬರು ಕೂರುವಷ್ಟು ಜಾಗವಿದೆ.

ಕೈ ಬಿಡಲಾಗದ,
ತಮ್ಮ ವಿಶ್ವಾಸಿ,
ಒಬ್ಬ ತಾಯಿ

ತಾ.ಕ.: ಇದು ಅವಳು ಹೇಳಿದ್ದಲ್ಲ, ಅತ್ತೆ ಬರೀತಿರೋದು. ಅವಳ ಹಾಗೆ ನಯವಾಗಿ ಬೈಯೋಕೆ ನನಗೆ ಬರಲ್ಲಪ್ಪ. ಬೆಳಗ್ಗೆ ಅವಳು ಹೊರಟಳು ಅಂದ್ರೆ ಪ್ಲಗ್ ಹಿಡಿಯೋ ಸರದಿ ನಂದು, ಈ ಮಂಡಿ ಹೊತ್ಕೊಂಡು ಆ ಸಂದಿಯಲ್ಲಿ ಕೂತರೆ ನನ್ನನ್ನ ಎಬ್ಬಿಸೋಕೆ ನೀನೇ ಬರಬೇಕಾಗುತ್ತೆ. ನಂಬರು ನೀವು ಕೇಳಿದ ಜಾಗದಲ್ಲಿ ಹಾಕಿದ್ದೀನಿ, ಫೋನು ಕೈಯಲ್ಲೇ ಇದೆ, ಸದ್ದು ತೆಗೆದಿಟ್ಟಿದ್ದೀನಿ, ನಡುಗಿದ ತಕ್ಷಣ ಎತ್ತುತ್ತೀನಿ. ನಿನ್ನ ದಮ್ಮಯ್ಯ, ಬೆಳಗಾಗೋದರೊಳಗೆ ಒಂದು ಫೋನ್ ಮಾಡು.