ಬೀರು ತಳ್ಳಿದ ಮೇಷ್ಟ್ರು

"ಒಂದು ಬೀರು ಜರುಗಿಸೋಕೆ ಬಡಗಿ ಬೇರೆ ಕೇಡು! ಎಷ್ಟು ಬಲ ಹಾಕಬೇಕು ಅಂತ ಗೊತ್ತಿದ್ರೆ ಸಾಕು ಕಣೇ!"

ರಜೆಯ ದಿನ ಬೆಳಿಗ್ಗೆ ವಿಜ್ಞಾನದ ಮೇಷ್ಟ್ರು ಹೀಗೆ ಘೋಷಿಸಿ ಪಂಚೆ ಎತ್ತಿ ಕಟ್ಟಿದರು. ನಡುಮನೆಯ ಕಿಟಕಿಯ ಬಳಿ ಹೆಂಡತಿಯ ಹೊಲಿಗೆ ಯಂತ್ರ ಬರಬೇಕು, ಅಲ್ಲಿರುವ, ಮರದ ಬಾಗಿಲಿನ ಪುಸ್ತಕದ ಬೀರು ಹೋಗಬೇಕು. ಆಮೇಲೆ ಓದುವ ಕೋಣೆಯಲ್ಲಿಟ್ಟ ಉತ್ತರಪತ್ರಿಕೆಗಳನ್ನು ಸಂಜೆ ಐದರೊಳಗೆ ಹೆಡ್‌ಮಾಸ್ಟರರ ಮನೆಗೆ ಮುಟ್ಟಿಸಬೇಕು. ತಪ್ಪಿದರೆ ಮೆಮೊ ಗ್ಯಾರಂಟಿ!

"ರೀ, ಮೊದಲು ಪುಸ್ತಕ ತೆಗೀರಿ."

"ಮುಟ್ಟಿದ್ರೆ ನೋಡು! ಇಪ್ಪತ್ತು ವರ್ಷದ ಜೋಡಣೆ ಅದು."

ಬೀರುವಿನ ಕಾಲುಗಳ ಕೆಳಗೆ ಬಟ್ಟೆ ತುರುಕಿ, ಹಲ್ಲು ಕಚ್ಚಿ ನೂಕಿದರು. ಜಪ್ಪಯ್ಯ ಅಂದರೂ ಬೀರು ಅಲ್ಲಾಡಲಿಲ್ಲ. ಬಲದ ಲೆಕ್ಕದಲ್ಲೇ ಎಡವಟ್ಟಾಗಿರಬೇಕೆಂದು ಅಡುಗೆಮನೆಗೆ ಹೋಗಿ, ಕ್ಯಾಲೆಂಡರಿನ ಹಿಂಬದಿಯ ತುಂಬ ಅಂಕಿ ಗೀಚಿದರು. ಮುಕ್ಕಾಲು ಗಂಟೆಯ ನಂತರ ಬಂದವರೇ ದೂರದಿಂದ ಓಡಿ ಬಂದು ಭುಜ ಕೊಟ್ಟು ಗುದ್ದಿದರು.

ಬೀರು ಹೊರಟೇಬಿಟ್ಟಿತು! ನಡುಮನೆ ದಾಟಿ, ಸ್ಟೂಲು ಉರುಳಿಸಿ, ಓದುವ ಕೋಣೆಯ ಬಾಗಿಲಿನ ಚೌಕಟ್ಟಿಗೆ ವಾರೆಯಾಗಿ ಸಿಕ್ಕಿಕೊಂಡಿತು. ಮೇಷ್ಟ್ರು ನೆಲದ ಮೇಲೆ ಮಕಾಡೆ ಬಿದ್ದಿದ್ದರು.

ಅವರಿಗೆ ತಲೆಬುಡ ತಿಳಿಯಲಿಲ್ಲ. ಅದೇ ನೆಲ, ಅದೇ ಬೀರು. ಎದ್ದು ಕೂತು ತೋಳು ಮಡಚಿ ನೋಡಿಕೊಂಡರು. ಕಡ್ಡಿಯಂಥ ತೋಳು! "ನನ್ನ ಬಲ ಒಂದೇ ಸಲ ಐದು ಪಟ್ಟು ಹೆಚ್ಚಿತೇನೇ?"

"ನಿಮ್ಮ ತಲೆ! ನೀವು ಲೆಕ್ಕ ಗೀಚ್ತಿದ್ದಾಗ ಪುಸ್ತಕ ಎಲ್ಲಾ ಮಂಚದ ಮೇಲೆ ಎತ್ತಿಟ್ಟೆ. ಖಾಲಿ ಬೀರು ಅಂತ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಗೂಳಿ ಥರ ನುಗ್ಗಿದ್ರಲ್ಲ!"

ಮಧ್ಯಾಹ್ನವೆಲ್ಲ ಎಳೆದರೂ ಬೀರು ಬಿಡಿಸಿಕೊಳ್ಳಲಿಲ್ಲ. ಉತ್ತರಪತ್ರಿಕೆಗಳು ಒಳಗೆ, ಮೇಷ್ಟ್ರು ಹೊರಗೆ, ಗಂಟೆ ನಾಲ್ಕು. ಕೊನೆಗೆ ಬಡಗಿಯನ್ನೇ ಕರೆಸಬೇಕಾಯಿತು. ಅವನು ಚೌಕಟ್ಟು ಸಡಿಲಿಸಿ ಬೀರುವನ್ನು ಆಚೆ ತೆಗೆಯುವಾಗ ಐದಕ್ಕೆ ಹತ್ತೇ ನಿಮಿಷ. ಮೇಷ್ಟ್ರು ಒಳಗೆ ನುಗ್ಗಿ ಕಟ್ಟನ್ನು ಎದೆಗವುಚಿಕೊಂಡು ಬಂದರು.

ಕಥೆಯನ್ನೆಲ್ಲ ಕೇಳಿದ ಬಡಗಿ ಹಣೆ ಚಚ್ಚಿಕೊಂಡ. "ತುಂಬಿದ ಬೀರು ತಳ್ಳೋ ಜೋರಲ್ಲೇ ಖಾಲಿ ಇರೋದನ್ನ ತಳ್ಳಿದ್ರೆ ಹಾರದೆ ಇನ್ನೇನಾಗುತ್ತೆ? ಶಾಲೆ ಮಕ್ಕಳಿಗೂ ಗೊತ್ತಿರೋ ವಿಷಯ! ಅಂದ ಹಾಗೆ, ಸಾರ್ ಏನ್ ಕೆಲಸದಲ್ಲಿದೀರಿ?"

ಹೆಂಡತಿ ಬಾಯಿ ತೆರೆದಳು. ಮೇಷ್ಟ್ರು ಅವಳಿಗಿಂತ ಮೊದಲೇ, ಚಪ್ಪಲಿ ಮೆಟ್ಟುತ್ತಾ ಹೇಳಿದರು:

"ಚರಿತ್ರೆ ಪಾಠ ಮಾಡ್ತೀನಪ್ಪ."