ತೆಂಗಿನಕಾಯಿ ತೂರಿದ ಬೆಳಕು

ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡು ತಿಮ್ಮರಾಜು "ಹೂಂ" ಅಂದದ್ದೇ ಆ ದಿನದ ಫಜೀತಿಗೆಲ್ಲ ಮೂಲ.

ಅವನು ತಿಪಟೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು. ಆರು ತಿಂಗಳಿಂದ ಲ್ಯಾಬಿನ ಮೂಲೆ ಕೋಣೆಯಲ್ಲಿ ಕೂತು, ಅವರೆಕಾಳಿನಷ್ಟು ಪುಟ್ಟ ಲೇಸರ್ ಡಯೋಡಿನಿಂದ ಬೆಳಕಿನ ಮಿಡಿತ ಹೊರಡಿಸುವುದರಲ್ಲಿ ಮುಳುಗಿದ್ದ. ಕೆಪಾಸಿಟರಿನಲ್ಲಿ ವಿದ್ಯುತ್ತನ್ನು ನಿಧಾನವಾಗಿ ತುಂಬಿ, ಒಂದೇ ಏಟಿಗೆ ಡಯೋಡಿನೊಳಕ್ಕೆ ಸುರಿಯುವುದು. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿದರೆ, ಅದರಲ್ಲಿ ಮೂವತ್ತು ಚೂರಿನಷ್ಟು ಹೊತ್ತು ಮಾತ್ರ ಬೆಳಕು. ಆದರೆ ಅಷ್ಟು ಹೊತ್ತು ನಲವತ್ತು ವಾಟ್ ಜೋರು! ಅದೂ ಕಣ್ಣಿಗೆ ಕಾಣದ ಬೆಳಕು. ಎದುರಿಗಿಟ್ಟ ಸೆನ್ಸರ್ ಅದನ್ನು ಹಿಡಿದು, ವಿದ್ಯುತ್ತಿನ ಏರಿಳಿತ ತೋರಿಸುವ ಸ್ಕೋಪಿನ ಪರದೆಯ ಮೇಲೆ ಎಬ್ಬಿಸುವ ಚೂಪು ಗೆರೆಯೊಂದೇ ಸಾಕ್ಷಿ.

ಆವತ್ತು ಮಧ್ಯಾಹ್ನ ಅದನ್ನು ನೋಡಲು ಹುಚ್ಚರಂಗಯ್ಯನವರು ಬರುವವರಿದ್ದರು. ಬೆಂಗಳೂರಿನ ಲ್ಯಾಬೊಂದರಿಂದ ನಿವೃತ್ತರಾಗಿ ಅರಳಗುಪ್ಪೆಯಲ್ಲಿ ನೆಲೆಸಿದ್ದ ವಿಜ್ಞಾನಿ. ಅವರು ಸೈ ಅಂದರೆ ಮೂಲೆ ಕೋಣೆ ತಿಮ್ಮರಾಜುವಿಗೆ. ಇಲ್ಲವಾದರೆ ಟೈಪಿಂಗ್ ಕ್ಲಾಸಿಗೆ ಎಂದು ಪ್ರಿನ್ಸಿಪಾಲ್ ವೆಂಕಟಯ್ಯ ಹೇಳಿಬಿಟ್ಟಿದ್ದರು.

ಬೆಳಿಗ್ಗೆ ನಲ್ಲಿಯ ಹತ್ತಿರ ಹಲ್ಲುಜ್ಜುವಾಗ ಮನೆ ಒಡತಿ ರಂಗಕ್ಕ ಕೇಳಿದ್ದಳು: "ಮೇಷ್ಟ್ರೇ, ಲೇಸರ್‌ನಲ್ಲಿ ಕಣ್ಣಿನ ಪೊರೆ ತೆಗೀತಾರಂತೆ. ಹಂಗಾರೆ ಕಾಯಿಗೆ ಬಿದ್ದಿರೋ ನುಸಿನೂ ಸಾಯ್ತದಾ?"

ಕೆಳಗಿನ ಹಲ್ಲು ಬಾಕಿಯಿತ್ತು. ತಿಮ್ಮರಾಜು "ಹೂಂ" ಅಂದ.

ಆ ವರ್ಷ ನುಸಿ ಯಾರ ತೆಂಗಿನ ತೋಟವನ್ನೂ ಬಿಟ್ಟಿರಲಿಲ್ಲ. ಕಾಯಿಗಳೆಲ್ಲ ತುರಿಕಜ್ಜಿ ಹಿಡಿದಂತೆ ಕಂದುಗಟ್ಟಿ, ಕಿತ್ತಳೆಹಣ್ಣಿನ ಗಾತ್ರಕ್ಕೆ ಮುದುಡಿದ್ದವು. ಹತ್ತು ಗಂಟೆಗೆ ತಿಮ್ಮರಾಜು ಕಾಲೇಜು ಮುಟ್ಟಿದಾಗ ಗೇಟಿನಲ್ಲಿ ಮೂವತ್ತು ಜನ, ಅವರ ಮುಂದೆ ಮೂವತ್ತು ಚೀಲ ಕಾಯಿ. ಎಲ್ಲರಿಗಿಂತ ಮುಂದೆ ರಂಗಕ್ಕ.

"ರಂಗಕ್ಕ, ಇದು ಔಷಧಿಯಲ್ಲ ಕಣಮ್ಮ! ಬರೀ ಬೆಳಕು!"

"ಬೆಳಿಗ್ಗೆ ಹೂಂ ಅಂದ್ರಲ್ಲಾ? ಊರಿಗೆಲ್ಲ ಹೇಳ್ಬುಟ್ಟೀನಿ. ನನ್ನ ಮರ್ವಾದೆ ತೆಗೀಬ್ಯಾಡಿ."

ಬಿಡಿಸಿಕೊಳ್ಳುವ ದಾರಿ ಕಾಣದೆ, ತಿಮ್ಮರಾಜು ಯಂತ್ರವನ್ನು ಹೊರಗೆ ತಂದು ಕಾಯಿಗಳ ಕಡೆ ತಿರುಗಿಸಿ ಸ್ವಿಚ್ ಒತ್ತಿದ.

"ಏನೂ ಕಾಣಕಿಲ್ವಲ್ಲ ಮೇಷ್ಟ್ರೇ?" ಅಂದ ಒಬ್ಬ ಮುದುಕ.

"ಕಾಣಲ್ಲ."

"ಸದ್ದು?"

"ಇರಲ್ಲ."

"ಬಿಸಿ?"

"ಅದೂ ಇಲ್ಲ."

"ಹಂಗಾರೆ ದೇವ್ರಿದ್ದಂಗೆ ಬುಡಿ," ಎಂದು ಮುದುಕ ಕೈ ಮುಗಿದ. ಹಿಂದಿನವರೂ ಮುಗಿದರು. ಮುಗಿಸಿ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಯಾರೋ ಮಂಡಿ ನೋವಿಗೆ ಬೆಳಕು ಬಿಡಿಸಿಕೊಂಡರು, ಯಾರೋ ಹಾಲು ಕೊಡದ ಎಮ್ಮೆ ಹೊಡೆದುಕೊಂಡು ಬಂದರು. ಅಟೆಂಡರ್ ಮುದ್ದಣ್ಣ ಚೀಟಿ ಹಂಚಿ ಸಾಲು ನಿಲ್ಲಿಸಿದ. ತಿಮ್ಮರಾಜುವಿನ ಮುಖ ಒಣಗಲು ಹರವಿದ ಕೊಬ್ಬರಿಯಂತಾಯಿತು.

ಮೂರು ಗಂಟೆಗೆ ಬಂದ ಹುಚ್ಚರಂಗಯ್ಯನವರು ಎಮ್ಮೆಯನ್ನು ಸುತ್ತಿಬಳಸಿಯೇ ಒಳಗೆ ಬರಬೇಕಾಯಿತು. ವೆಂಕಟಯ್ಯನವರ ಕಣ್ಣು ಕೆಂಪಗಾಗಿತ್ತು. ತಿಮ್ಮರಾಜು ಯಂತ್ರವನ್ನು ಮೂಲೆ ಕೋಣೆಯಲ್ಲಿ ಸೆನ್ಸರಿನ ಎದುರಿಗಿಟ್ಟು ಸ್ವಿಚ್ ಹಾಕಿದ. ಪರದೆಯ ಮೇಲೆ ಗೆರೆ ಎದ್ದಿತು, ಹೊಸ ದಬ್ಬಳದಷ್ಟು ಚೂಪಾಗಿ.

"ಭೇಷ್!" ಅಂದರು ಹುಚ್ಚರಂಗಯ್ಯ. ತಿಮ್ಮರಾಜುವಿಗೆ ಉಸಿರು ಬಂತು.

ಅಷ್ಟರಲ್ಲಿ ಬಾಗಿಲಲ್ಲಿದ್ದವರನ್ನು ಸರಿಸಿ ಒಳನುಗ್ಗಿದ ರಂಗಕ್ಕ, "ಇದೊಂದು ಉಳ್ಕಂಡಿತ್ತು," ಎಂದು ನುಸಿ ಹಿಡಿದ ಕಾಯೊಂದನ್ನು ಲೇಸರಿಗೂ ಸೆನ್ಸರಿಗೂ ನಡುವೆ ಅಡ್ಡ ಹಿಡಿದಳು.

ಗೆರೆ ಅಲ್ಲಾಡಲಿಲ್ಲ.

"ತೂರ್ಕಂಡ್ ಹೋಯ್ತು! ಕಾಯಿ ತೂರ್ಕಂಡ್ ಹೋಯ್ತು ಕಣ್ರೋ!" ಎಂದು ಮುದ್ದಣ್ಣ ಕೂಗಿದ. ಹೊರಗೆ ಚಪ್ಪಾಳೆ ಬಿತ್ತು. ವೆಂಕಟಯ್ಯ ತಿಮ್ಮರಾಜುವಿನ ಕೈ ಹಿಡಿದು ಕುಲುಕಿ, "ಕೋಣೆ ನಿಮ್ದೇ ಕಣ್ರೀ! ನಾಳೆ ಪೇಪರ್‌ನವರನ್ನ ಕರೆಸ್ತೀನಿ," ಅಂದರು.

ತಿಮ್ಮರಾಜುವಿನ ಕೈ ಮಾತ್ರ ತಣ್ಣಗಾಗಿತ್ತು. ಬೆಳಕು ತೆಂಗಿನಕಾಯಿ ತೂರುವುದುಂಟೆ? ಅವನು ಹುಚ್ಚರಂಗಯ್ಯನವರ ಮುಖ ನೋಡಿದ. ಅವರು ಮೀಸೆಯಡಿ ನಗುತ್ತಿದ್ದರು.

"ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ತದಾ?" ಅಂದರು.

ಡಬ್ಬಿ ಬಂತು. ಮುಚ್ಚಳಕ್ಕೊಂದು ತೂತು ಕೊರೆದು, ಲೇಸರಿನ ಬಾಯಿ ತೂತಿಗೆ ಬರುವಂತೆ ಯಂತ್ರವನ್ನು ಬ್ಯಾಟರಿ ಸಮೇತ ಒಳಗಿಟ್ಟು ಮುಚ್ಚಿದರು. ಪರದೆಯ ಗೆರೆ ಮಾಯ!

"ಇಷ್ಟು ದಿನ ನೀವು ನೋಡಿದ್ದು ಬೆಳಕಲ್ಲ ಮೇಷ್ಟ್ರೇ. ಕರೆಂಟು ಧುಮುಕೋವಾಗ ಎಬ್ಬಿಸೋ ಗಲಾಟೆ. ಪಕ್ಕದಲ್ಲಿ ಮಿಕ್ಸಿ ಹಾಕಿದ್ರೆ ರೇಡಿಯೋ ಗೊರಗೊರ ಅನ್ನಲ್ವಾ, ಹಂಗೆ. ಡಬ್ಬಿ ಅದನ್ನ ತಡೀತು." ಅವರು ಡಬ್ಬಿ ತೆರೆದು ಕನ್ನಡಕ ಏರಿಸಿದರು. "ಡಯೋಡಿನ ಜೊತೆ ಬರೋ ಕಾಲುಗಳ ಚಿತ್ರ ಕೆಳಗಿಂದ ನೋಡಿ ಬರೆದದ್ದು. ನೀವು ಮೇಲಿಂದ ನೋಡಿ ಕಾಲು ಉಲ್ಟಾ ಬೆಸೆದಿದ್ದೀರಿ. ಪಕ್ಕದಲ್ಲೊಂದು ಕಾವಲು ಡಯೋಡ್ ಹಾಕಿದ್ದಕ್ಕೆ ಕರೆಂಟೆಲ್ಲ ಅದರೊಳಗೆ ಹರಿದು ಲೇಸರ್ ಸುಡದೆ ಉಳಿದಿದೆ. ಆರು ತಿಂಗಳಲ್ಲಿ ಇದು ಒಂದು ಸಲಾನೂ ಬೆಳಗಿಲ್ಲ."

ತಿಮ್ಮರಾಜುವೇ ಕಾಲು ಬಿಡಿಸಿ, ತಿರುಗಿಸಿ ಬೆಸೆದ. ಮತ್ತೆ ಡಬ್ಬಿ ಮುಚ್ಚಿದ. ಪರದೆಯ ಮೇಲೆ ಗೆರೆಯೊಂದು ಎದ್ದಿತು. ಮೊದಲಿನದಕ್ಕಿಂತ ಗಿಡ್ಡ, ಆದರೆ ಸ್ವಚ್ಛ. ರಂಗಕ್ಕ ಕಾಯಿ ಅಡ್ಡ ಹಿಡಿದಳು. ಹೋಯಿತು. ತೆಗೆದಳು. ಬಂತು. ತಿಮ್ಮರಾಜುವಿನ ಕಣ್ಣು ಒದ್ದೆಯಾಯಿತು.

"ಏನ್ರೀ ಇದು!" ವೆಂಕಟಯ್ಯ ಗುಡುಗಿದರು. "ಕಾಯಿ ತೂರ್ತಿದ್ದ ಬೆಳಕನ್ನ ರಿಪೇರಿ ಮಾಡಿ ಹಾಳು ಮಾಡಿಬಿಟ್ರಲ್ಲ! ಪೇಪರ್‌ನವರಿಗೆ ಏನಂತ ತೋರಿಸ್ಲಿ? ಟೈಪ್‌ರೈಟರ್ ನಾಳೇನೇ ಬರ್ತವೆ!"

ಹುಚ್ಚರಂಗಯ್ಯನವರು ಬಿಡಿಸಿ ಹೇಳುವಷ್ಟರಲ್ಲಿ ವೆಂಕಟಯ್ಯ ಹೊರಟಾಗಿತ್ತು.

ಡಬ್ಬಿಯನ್ನು ಎದೆಗವಚಿಕೊಂಡು ತಿಮ್ಮರಾಜು ಕಟ್ಟೆಯ ಮೇಲೆ ಕೂತ. ಕೋಣೆ ಹೋಗಿತ್ತು. ಆದರೂ ಒಳಗೊಳಗೇ ನಗು ಬರುತ್ತಿತ್ತು. ಕೊನೆಗೂ ಅವನ ಬೆಳಕು ಬೆಳಕೇ ಆಗಿತ್ತು.

ರಂಗಕ್ಕ ಬಂದು ಪಕ್ಕದಲ್ಲಿ ಕೂತಳು. "ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೇ. ನಮ್ಮ ಹಿತ್ಲು ಕೋಣೆ ಖಾಲಿ ಐತೆ. ಸಾಮಾನೆಲ್ಲ ತಂದ್ ಅಲ್ಲೇ ಇಟ್ಕಳ್ಳಿ."

ತಿಮ್ಮರಾಜು ಡಬ್ಬಿ ಪಕ್ಕಕ್ಕಿಟ್ಟು ಕೈ ಮುಗಿದ. "ರಂಗಕ್ಕ, ನಿನ್ನ ಉಪಕಾರ..."

"ಉಪಕಾರ ಏನ್ ಬಂತು? ಆದ್ರೆ ಒಂದ್ ಮಾತು." ಆಕೆ ಸುತ್ತ ನೋಡಿ ದನಿ ತಗ್ಗಿಸಿದಳು. "ಆ ಅರಳಗುಪ್ಪೆಯವರ ಕೈಚಳಕ ನಮಗ್ ಬ್ಯಾಡ. ಮನೆಗ್ ಹೋದೇಟ್ಗೆ ಮೊದ್ಲಿದ್ದಂಗೆ ಉಲ್ಟಾ ಹಾಕ್ಬುಡಿ. ನಲವತ್ತು ಮರ ಕಾಯ್ತಾ ಅವೆ."